ಹಳದಿಗೆ ತಿರುಗದ ದ್ರಾವಣ: ಪ್ರೋಟೀನ್ ಮತ್ತು ಕಿಣ್ವಗಳ ಕೋರ್ಸಿನಲ್ಲಿ ನನ್ನ ಒಂದು ಸೆಮಿಸ್ಟರ್

ಮೊದಲ ಟೆಸ್ಟಿನ ಉತ್ತರಪತ್ರಿಕೆ ಕೈಗೆ ಬಂದಾಗ ನಾನು ಮೊದಲು ತಿರುವಿ ನೋಡಿದ್ದು ಮೂರನೇ ಪ್ರಶ್ನೆಯನ್ನು. ಲೈಸಿನ್ ಎಂಬ ಅಮೈನೋ ಆಮ್ಲದ ಐಸೋಎಲೆಕ್ಟ್ರಿಕ್ ಪಾಯಿಂಟ್ ಎಷ್ಟು ಅಂತ ಕೇಳಿದ್ದರು. ಅಂದರೆ ಯಾವ ಪಿಎಚ್‌ನಲ್ಲಿ ಅದರ ಒಟ್ಟು ಚಾರ್ಜ್ ಸೊನ್ನೆಯಾಗುತ್ತದೆ ಎಂದು. ಮೂರು ಪಿಕೆಎ ಬೆಲೆಗಳನ್ನು, ಅಂದರೆ ಒಂದೊಂದು ಗುಂಪು ಅರ್ಧಕ್ಕರ್ಧ ಪ್ರೋಟಾನ್ ಬಿಟ್ಟಿರುವ ಪಿಎಚ್‌ಗಳನ್ನು, ಪ್ರಶ್ನೆಯಲ್ಲೇ ಕೊಟ್ಟಿದ್ದರು: 2.2, 9.0, 10.5. ನಾನು ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದ್ದೆ. 7.2 ಎಂದು ಬರೆದು ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದೆ. ಪಕ್ಕದಲ್ಲಿ ಮೇಡಂ ಕೆಂಪು ಪೆನ್ನಿನಲ್ಲಿ ಒಂದೇ ಸಾಲು ಬರೆದಿದ್ದರು: "7.2ರಲ್ಲಿ ಇದರ ಮೇಲೆ ಎಷ್ಟು ಚಾರ್ಜ್ ಇದೆ, ಎಣಿಸಿ ನೋಡು."

ಅಲ್ಲೇ ಬೆಂಚಿನ ಮೇಲೆ ಕೂತು ಎಣಿಸಿದೆ. ಪಿಎಚ್ 7.2ರಲ್ಲಿ ಕಾರ್ಬಾಕ್ಸಿಲ್ ಗುಂಪು ತನ್ನ ಪ್ರೋಟಾನ್ ಬಿಟ್ಟುಕೊಟ್ಟು ತುಂಬಾ ಹೊತ್ತಾಗಿದೆ, ಅದಕ್ಕೆ ಒಂದು ಮೈನಸ್. ಎರಡು ಅಮೈನೋ ಗುಂಪುಗಳೂ ಇನ್ನೂ ಪ್ರೋಟಾನ್ ಹಿಡಿದುಕೊಂಡೇ ಇವೆ, ಎರಡು ಪ್ಲಸ್. ಒಟ್ಟು ಪ್ಲಸ್ ಒಂದು. ಸೊನ್ನೆ ಅಲ್ಲವೇ ಅಲ್ಲ. ಪಿಎಚ್ ಏರಿಸುತ್ತಾ ಹೋದರೆ 9.0ರ ಆಸುಪಾಸಿನಲ್ಲಿ ಒಂದು ಪ್ಲಸ್ ಹೋಗುತ್ತದೆ, ಆಗ ಸೊನ್ನೆ. 10.5 ದಾಟಿದರೆ ಇನ್ನೊಂದೂ ಹೋಗಿ ಮೈನಸ್ ಒಂದು. ಹಾಗಾದರೆ ಸೊನ್ನೆ ಇರುವುದು ಆ ಎರಡರ ನಡುವೆ. 9.0 ಮತ್ತು 10.5ರ ಸರಾಸರಿ 9.75. ಐದು ನಿಮಿಷದ ಕೆಲಸ. ಅದಕ್ಕೆ ಮೊದಲು ಮೂರು ವಾರ ನಾನು ಅದೇ ಪಾಠವನ್ನು ಓದಿದ್ದೆ, ಸೂತ್ರ ಬರೆದುಕೊಂಡಿದ್ದೆ, ಒಂದು ಸಲವೂ ಎಣಿಸಿರಲಿಲ್ಲ.

ಈ ಕೋರ್ಸ್ ತೆಗೆದುಕೊಳ್ಳಬೇಕು ಅಂತಿರುವವರಿಗೆ, ಈಗ ಅದರ ನಡುವೆ ಸಿಕ್ಕಿ ಒದ್ದಾಡುತ್ತಿರುವವರಿಗೆ ನನ್ನ ಸೆಮಿಸ್ಟರ್ ಹೇಗೆ ಹೋಯಿತು ಅಂತ ಹೇಳಬೇಕು ಅನ್ನಿಸಿತು. ನಾನು ಕ್ಲಾಸಿಗೆ ಮೊದಲಿಗಳೇನೂ ಅಲ್ಲ. ಆದರೆ ಈ ವಿಷಯ ಎಲ್ಲಿ ಕಷ್ಟ, ಆ ಕಷ್ಟ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಾಗಿದೆ.

ಎಲ್ಲರೂ ಮೊದಲು ಹೆದರುವುದು 20 ಅಮೈನೋ ಆಮ್ಲಗಳಿಗೆ. ಹೆಸರು, ಮೂರಕ್ಷರದ ಕೋಡ್, ಒಂದಕ್ಷರದ ಕೋಡ್, ರಚನೆ, ಪಿಕೆಎ. ನಾನೂ ಎಲ್ಲರ ಹಾಗೆ ಸಣ್ಣ ಸಣ್ಣ ಚೀಟಿ ಮಾಡಿಕೊಂಡೆ. ಒಂದು ಕಡೆ ಹೆಸರು, ಇನ್ನೊಂದು ಕಡೆ ಚಿತ್ರ. ನಾಲ್ಕು ದಿನದಲ್ಲಿ ಬಾಯಿಪಾಠ ಆಯಿತು. ಏನು ಓದಿದ್ದೀನಿ ಅನ್ನುವುದು ಮಾತ್ರ ತಲೆಗೆ ಹತ್ತಿರಲಿಲ್ಲ. ಟೆಸ್ಟ್ ಆದ ಮೇಲೆ ನನ್ನ ರೂಮಿನ ಗೆಳತಿ ಬೇರೆ ಒಂದು ದಾರಿ ತೋರಿಸಿದಳು. ದೊಡ್ಡ ಬಿಳಿ ಹಾಳೆಯಲ್ಲಿ ಮೂರು ಕಾಲಂ ಎಳೆದಳು. ಮೇಲೆ ಪಿಎಚ್ 1, ಪಿಎಚ್ 7, ಪಿಎಚ್ 12 ಎಂದು ಬರೆದಳು. "ಇಪ್ಪತ್ತನ್ನೂ ಮೂರೂ ಕಡೆ ಬರಿ. ಚಾರ್ಜ್ ಸಮೇತ ಬರಿ. ಪುಸ್ತಕ ಮುಚ್ಚಿಟ್ಟು ಬರಿ ಕಣೇ," ಅಂದಳು.

ಇಪ್ಪತ್ತು ಮೂರಲೆ ಅರವತ್ತು ಚಿತ್ರ. ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಗುಂಪುಗಳು ತಾವಾಗಿಯೇ ಬೇರೆಯಾದವು. ವ್ಯಾಲಿನ್, ಲ್ಯೂಸಿನ್, ಐಸೋಲ್ಯೂಸಿನ್ ಯಾವ ಪಿಎಚ್ ಕೊಟ್ಟರೂ ಪಕ್ಕದ ಸರಪಳಿಯಲ್ಲಿ (ಒಂದೊಂದು ಅಮೈನೋ ಆಮ್ಲಕ್ಕೂ ಬೇರೆ ಬೇರೆ ಇರುವ ಭಾಗ ಇದು) ಏನೂ ಬದಲಾಗದೆ ಸುಮ್ನೆ ಇರುತ್ತವೆ. ಇವಕ್ಕೆ ನೀರು ಕಂಡರೆ ಆಗುವುದಿಲ್ಲ, ಪ್ರೋಟೀನಿನ ಒಳಗೆ ಅಡಗಿಕೊಳ್ಳುತ್ತವೆ. ಆಸ್ಪಾರ್ಟೇಟ್, ಗ್ಲುಟಮೇಟ್ ಬೇಗ ಪ್ರೋಟಾನ್ ಬಿಡುತ್ತವೆ. ಲೈಸಿನ್, ಆರ್ಜಿನಿನ್ ಬಿಡುವುದೇ ಇಲ್ಲ ಅನ್ನುವಷ್ಟು ಹೊತ್ತು ಹಿಡಿದಿರುತ್ತವೆ. ಆರ್ಜಿನಿನ್‌ನದಂತೂ ಪಿಕೆಎ 12.5ರ ಸುತ್ತಮುತ್ತ.

ಹಾಗೇ ಬರೆಯುತ್ತಾ ಹಿಸ್ಟಿಡಿನ್‌ಗೆ ಬಂದಾಗ ಕೈ ನಿಂತಿತು. ಅದರ ಪಕ್ಕದ ಸರಪಳಿಯ ಪಿಕೆಎ ಸುಮಾರು 6. ಪಿಎಚ್ 6ರಲ್ಲಿ ಅರ್ಧಕ್ಕೆ ಅರ್ಧ ಅಣುಗಳ ಮೇಲೆ ಪ್ಲಸ್ ಇರುತ್ತದೆ, ಇನ್ನರ್ಧದ ಮೇಲೆ ಇರುವುದಿಲ್ಲ. ರಕ್ತದ ಪಿಎಚ್ ಆದ 7.4ಕ್ಕೆ ಬಂದರೆ ಪ್ಲಸ್ ಇಲ್ಲದವು 25, ಇರುವುದು 1, ಆ ಲೆಕ್ಕಕ್ಕೆ ಬರುತ್ತದೆ. ಅಂದರೆ ಜೀವಕೋಶದಲ್ಲಿ ಇರುವಂಥ ಪಿಎಚ್‌ಗೆ ಹತ್ತಿರದಲ್ಲೇ ಪ್ರೋಟಾನ್ ಕೊಡಲೂ ಬಲ್ಲದು, ತೆಗೆದುಕೊಳ್ಳಲೂ ಬಲ್ಲದು. ಕಿಣ್ವಗಳ ಆಕ್ಟಿವ್ ಸೈಟ್‌ನಲ್ಲಿ, ಅಂದರೆ ಕೆಲಸ ನಡೆಯುವ ಜಾಗದಲ್ಲಿ, ಇದು ಪದೇ ಪದೇ ಯಾಕೆ ಕಾಣಿಸುತ್ತದೆ ಅನ್ನುವುದಕ್ಕೆ ಕಾರಣ ಆ ಹಾಳೆಯ ಮೇಲೇ ಇತ್ತು. ಅದನ್ನು ಯಾರೂ ಹೇಳಿಕೊಡದೆ ನಾನೇ ಕಂಡುಕೊಂಡ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ, ಅಷ್ಟು ಖುಷಿ.

ಮುಂದಿನ ವಾರಗಳು ಪ್ರೋಟೀನಿನ ರಚನೆಗೆ ಹೋದವು. ಇಲ್ಲಿ ಒಂದು ಮಾತು: ಪುಸ್ತಕದ ಚಿತ್ರ ನೋಡಿ ರಚನೆ ಅರ್ಥ ಮಾಡಿಕೊಳ್ಳಲು ಹೋಗಬೇಡಿ. ಕಡ್ಡಿ ಮತ್ತು ಗುಂಡಿನ ಮಾಡೆಲ್ ಕಿಟ್ ಎಲ್ಲಾದರೂ ಸಿಕ್ಕರೆ ಕೈಯಲ್ಲಿ ಕಟ್ಟಿ ನೋಡಿ. ನಮ್ಮ ಲ್ಯಾಬಿನ ಕಪಾಟಿನಲ್ಲಿ ಒಂದು ಹಳೇ ಕಿಟ್ ಇತ್ತು. ನಾನು ಮೂರು ಅಮೈನೋ ಆಮ್ಲಗಳನ್ನು ಜೋಡಿಸಿದೆ. ಅವನ್ನು ಒಂದಕ್ಕೊಂದು ಸೇರಿಸುವ ಪೆಪ್ಟೈಡ್ ಬಾಂಡನ್ನು ತಿರುಗಿಸಲು ಹೋದಾಗ ಮೇಡಂ ತಡೆದರು. "ಅದು ತಿರುಗಲ್ಲ. ಅದರ ಉದ್ದ ಎಷ್ಟು ಅಂತ ಓದಿದ್ದೀಯಲ್ಲ?"

ಓದಿದ್ದೆ. ಸಾಧಾರಣ ಕಾರ್ಬನ್–ನೈಟ್ರೋಜನ್ ಒಂಟಿ ಬಾಂಡ್ ಸುಮಾರು 1.47 ಆಂಗ್‌ಸ್ಟ್ರಾಮ್. ಪೆಪ್ಟೈಡ್ ಬಾಂಡ್ 1.33. ಗಿಡ್ಡ ಆಗಿದೆ ಅಂದರೆ ಅರ್ಧಂಬರ್ಧ ಜೋಡಿ ಬಾಂಡ್ ಆಗಿದೆ ಅಂತ ಅರ್ಥ. ಜೋಡಿ ಬಾಂಡ್ ಸುಲಭವಾಗಿ ತಿರುಗುವುದಿಲ್ಲ. ಅದಕ್ಕೇ ಅದರ ಎರಡೂ ಕಡೆಯ ಪರಮಾಣುಗಳು ಒಂದೇ ಸಮತಲದಲ್ಲಿ, ಹಲಗೆಯ ಹಾಗೆ ಕೂತಿರುತ್ತವೆ. ತಿರುಗಬಹುದಾದ ಜಾಗ ಎರಡೇ. ಪಕ್ಕದ ಸರಪಳಿಯನ್ನು ಹೊತ್ತಿರುವ ಆಲ್ಫಾ ಕಾರ್ಬನ್ನಿನ ಆಚೆ ಒಂದು, ಈಚೆ ಒಂದು. ಆ ಕೋನಗಳ ಹೆಸರು ಫೈ ಮತ್ತು ಸೈ.

ಆ ಎರಡನ್ನೇ ನಿಧಾನಕ್ಕೆ ತಿರುಗಿಸಿ ನೋಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಆಕ್ಸಿಜನ್ ಗುಂಡು ಇನ್ನೊಂದಕ್ಕೆ ತಗುಲಿ ನಿಲ್ಲುತ್ತಿತ್ತು. ಇನ್ನೊಂದು ಕಡೆಗೆ ತಿರುಗಿಸಿದರೆ ಪಕ್ಕದ ಸರಪಳಿ ಅಡ್ಡ. ಹಾಯಾಗಿ ಕೂರುವ ಜಾಗಗಳು ಸಿಕ್ಕಿದ್ದು ಬಹಳ ಕಡಿಮೆ. ರಾಮಚಂದ್ರನ್ ನಕ್ಷೆ ಅಂದರೆ ಇಷ್ಟೇ: ಯಾವ ಫೈ, ಯಾವ ಸೈ ಜೋಡಿಯಲ್ಲಿ ಪರಮಾಣುಗಳು ಒಂದಕ್ಕೊಂದು ಗುದ್ದಿಕೊಳ್ಳುವುದಿಲ್ಲ ಅನ್ನುವುದರ ಭೂಪಟ. ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಮೂವರೂ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಇದನ್ನು 1963ರಲ್ಲಿ ಪ್ರಕಟಿಸಿದರು. ಆಗ ಮೂರು ಆಯಾಮದಲ್ಲಿ ರಚನೆ ಗೊತ್ತಿದ್ದ ಪ್ರೋಟೀನುಗಳು ಬೆರಳೆಣಿಕೆಯಷ್ಟು. ಇವತ್ತಿಗೂ ಯಾರಾದರೂ ಹೊಸ ಪ್ರೋಟೀನ್ ರಚನೆ ಬಿಡಿಸಿದರೆ ಅದು ಸರಿಯಾಗಿದೆಯೇ ಅಂತ ನೋಡಲು ಇದೇ ನಕ್ಷೆಯ ಮೇಲೆ ಚುಕ್ಕಿ ಇಡುತ್ತಾರೆ. ಅದುವರೆಗೆ ನನಗೆ ಅದು ಪರೀಕ್ಷೆಯಲ್ಲಿ ಬಿಡಿಸಬೇಕಾದ ಒಂದು ಚಿತ್ರ ಮಾತ್ರ ಆಗಿತ್ತು. ಅವತ್ತು ಬೆರಳಿಗೆ ತಾಗಿತು. ಗ್ಲೈಸಿನ್‌ಗೆ ಯಾಕೆ ಜಾಸ್ತಿ ಸ್ವಾತಂತ್ರ್ಯ? ಪಕ್ಕದ ಸರಪಳಿ ಅಂತ ಇರುವುದು ಒಂದೇ ಒಂದು ಹೈಡ್ರೋಜನ್, ಏನಕ್ಕೂ ತಗುಲುವುದಿಲ್ಲ. ಪ್ರೋಲಿನ್‌ಗೆ ಯಾಕೆ ಕಡಿಮೆ? ಅದರ ಸರಪಳಿ ತಿರುಗಿ ಬಂದು ನೈಟ್ರೋಜನ್ನಿಗೇ ಗಂಟು ಹಾಕಿಕೊಂಡಿದೆ, ಫೈ ಅಲುಗುವುದೇ ಇಲ್ಲ.

ಆಲ್ಫಾ ಹೆಲಿಕ್ಸ್, ಅಂದರೆ ಪ್ರೋಟೀನ್ ಸರಪಳಿ ಸುತ್ತಿಕೊಳ್ಳುವ ಸುರುಳಿ, ಅದರ ಪಾಠವೂ ಇದೇ ಬೆಳಕಿನಲ್ಲಿ ಸುಲಭವಾಯಿತು. ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ 1948ರಲ್ಲಿ ಶೀತ ಆಗಿ ಮಲಗಿದ್ದಾಗ ಕಾಗದದ ಮೇಲೆ ಸರಪಳಿ ಬರೆದು, ಮಡಿಸಿ, ಸುರುಳಿ ಮಾಡಿ ಅದನ್ನು ಕಂಡುಕೊಂಡರಂತೆ. 1951ರಲ್ಲಿ ಕೋರಿ, ಬ್ರಾನ್ಸನ್ ಜೊತೆ ಪ್ರಕಟಿಸಿದರು. ಒಂದು ಸುತ್ತಿಗೆ 3.6 ಅಮೈನೋ ಆಮ್ಲ. ಪೆಪ್ಟೈಡ್ ಬಾಂಡ್ ಹಲಗೆಯ ಹಾಗಿರುತ್ತದೆ ಅನ್ನುವುದನ್ನು ಬಿಗಿಯಾಗಿ ಹಿಡಿದುಕೊಂಡಿದ್ದರಿಂದಲೇ ಅವರಿಗೆ ಅದು ಸಿಕ್ಕಿತು. ನಾನೂ ಒಂದು ಉದ್ದನೆಯ ಕಾಗದ ಹರಿದು ಮಡಿಸಿ ನೋಡಿದೆ. ನೀವೂ ಮಾಡಿ, ಹತ್ತು ನಿಮಿಷ ಸಾಕು.

ಬಿಚ್ಚಿದ ಪ್ರೋಟೀನ್ ತಾನೇ ಮತ್ತೆ ಮಡಚಿಕೊಳ್ಳುತ್ತದೆಯೇ ಅಂತ ನೋಡಿದ ಅನ್‌ಫಿನ್ಸನ್ ಅವರ ಪ್ರಯೋಗದ ದಿನ ಮೇಡಂ ಪಾಠ ಮಾಡದೆ ಲೆಕ್ಕ ಕೊಟ್ಟರು. ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವದಲ್ಲಿ 124 ಅಮೈನೋ ಆಮ್ಲ, ಅದರಲ್ಲಿ ಎಂಟು ಸಿಸ್ಟೀನ್. ಎರಡೆರಡು ಸೇರಿ ನಾಲ್ಕು ಡೈಸಲ್ಫೈಡ್ ಬಾಂಡ್. ಎಷ್ಟು ಬಗೆಯಲ್ಲಿ ಜೋಡಿ ಕಟ್ಟಬಹುದು? ಮೊದಲನೆಯದಕ್ಕೆ ಏಳು ಆಯ್ಕೆ, ಅದಾದ ಮೇಲೆ ಉಳಿದ ಮೊದಲನೆಯದಕ್ಕೆ ಐದು, ಆಮೇಲೆ ಮೂರು, ಕೊನೆಗೆ ಒಂದು. ಗುಣಿಸಿದರೆ 105. ಯೂರಿಯಾ ಹಾಕಿ ಪ್ರೋಟೀನನ್ನು ಬಿಚ್ಚಿ, ಬಾಂಡುಗಳನ್ನೂ ಮುರಿದು, ಯೂರಿಯಾ ಇರುವಾಗಲೇ ಬಾಂಡ್ ಮತ್ತೆ ಕಟ್ಟಿಕೊಳ್ಳಲು ಬಿಟ್ಟರೆ ಶೇಕಡಾ 1ರಷ್ಟು ಕೆಲಸ ಮಾತ್ರ ವಾಪಸ್ ಬರುತ್ತದೆ. 105ರಲ್ಲಿ 1 ಅಂದರೂ ಹೆಚ್ಚುಕಡಿಮೆ ಅಷ್ಟೇ! ಅಂದರೆ ಸಿಕ್ಕಸಿಕ್ಕವು ಸಿಕ್ಕಸಿಕ್ಕವಕ್ಕೆ ಕಟ್ಟಿಕೊಂಡಿವೆ. ಯೂರಿಯಾ ತೆಗೆದು, ತಪ್ಪು ಬಾಂಡುಗಳು ಬಿಚ್ಚಿಕೊಳ್ಳಲು ಮರ್ಕ್ಯಾಪ್ಟೋಎಥನಾಲ್ ತುಸುವೇ ಬಿಟ್ಟರೆ ಸರಪಳಿ ನಿಧಾನವಾಗಿ ಸರಿಯಾದ ಜೋಡಿಗಳನ್ನೇ ಹುಡುಕಿಕೊಂಡು ಪೂರ್ತಿ ಕೆಲಸಕ್ಕೆ ಮರಳುತ್ತದೆ. ಹೇಗೆ ಮಡಚಿಕೊಳ್ಳಬೇಕು ಅನ್ನುವುದು ಅಮೈನೋ ಆಮ್ಲಗಳ ಸಾಲಿನಲ್ಲೇ ಬರೆದಿದೆ. ಈ ಕೆಲಸಕ್ಕೆ ಅವರಿಗೆ 1972ರಲ್ಲಿ ನೊಬೆಲ್ ಬಂತು. ಲೆಕ್ಕ ಮಾಡಿದ್ದರಿಂದ ಆ ಶೇಕಡಾ 1 ನನಗೆ ಎಂದೂ ಮರೆಯಲಿಲ್ಲ.

ಹಿಮೋಗ್ಲೋಬಿನ್ ಪಾಠಕ್ಕೆ ಎರಡು ವಾರ ಕೊಟ್ಟಿದ್ದರು. ಅದು ಆಕ್ಸಿಜನ್ ಹಿಡಿಯುವ ಎಸ್ ಆಕಾರದ ಗ್ರಾಫ್, ಪಿಎಚ್ ಇಳಿದರೆ ಆಕ್ಸಿಜನ್ ಬಿಡುವ ಬೋರ್ ಪರಿಣಾಮ, ಬಿಗಿ ಮತ್ತು ಸಡಿಲ ಎಂಬ ಟಿ ಮತ್ತು ಆರ್ ಸ್ಥಿತಿಗಳು. ನಿಜ ಹೇಳಬೇಕೆಂದರೆ ಅಲ್ಲೊಸ್ಟರಿ (ಪ್ರೋಟೀನಿನ ಒಂದು ಕಡೆ ಏನಾದರೂ ಅಂಟಿದರೆ ಇನ್ನೊಂದು ಕಡೆ ಬದಲಾಗುವುದು) ನನಗೆ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ, ಮತ್ತೆ ಓದುತ್ತಿದ್ದೇನೆ. ಆದರೆ ಸಿಕಲ್ ಸೆಲ್ ಕಾಯಿಲೆಯ ಭಾಗ ಮನಸ್ಸಿಗೆ ತಟ್ಟಿತು. ಬೀಟಾ ಸರಪಳಿಯ ಆರನೇ ಜಾಗದಲ್ಲಿ ಗ್ಲುಟಮೇಟ್ ಬದಲು ವ್ಯಾಲಿನ್. ನನ್ನ ಆ ಹಾಳೆಯಲ್ಲಿ ಒಂದು ಮೈನಸ್ ಇದ್ದ ಮನೆ, ಇನ್ನೊಂದು ನೀರಿಗೆ ಆಗದ ಮನೆ. ಹಿಮೋಗ್ಲೋಬಿನ್‌ನಲ್ಲಿ ಬೀಟಾ ಸರಪಳಿ ಎರಡಿರುವುದರಿಂದ ಒಟ್ಟು ಎರಡು ಮೈನಸ್ ಹೋಯಿತು. ಅಷ್ಟಕ್ಕೇ ವಿದ್ಯುತ್ ಕ್ಷೇತ್ರದಲ್ಲಿ ಅದು ಓಡುವ ವೇಗ ಬದಲಾಗುತ್ತದೆ. 1949ರಲ್ಲಿ ಪೌಲಿಂಗ್ ಮತ್ತು ಜೊತೆಗಾರರು ಕಾಯಿಲೆ ಇರುವುದು ಅಣುವಿನಲ್ಲೇ ಅಂತ ತೋರಿಸಿದ್ದು ಈ ವ್ಯತ್ಯಾಸ ಹಿಡಿದೇ. ಅದೇ ಜಾಗದಲ್ಲಿ ಬಂದು ಕೂತ ವ್ಯಾಲಿನ್ ಪಕ್ಕದ ಅಣುವಿಗೆ ಅಂಟಿಕೊಂಡು ದಾರದ ಹಾಗೆ ಬೆಳೆಯುತ್ತದೆ, ರಕ್ತಕಣದ ಆಕಾರವೇ ಕೆಡುತ್ತದೆ. ಒಬ್ಬ ಮನುಷ್ಯನ ಜೀವಮಾನದ ನೋವು ಆ ಎರಡು ಮನೆಗಳ ನಡುವೆ ಇದೆ. ಅವತ್ತು ಕ್ಲಾಸ್ ಮುಗಿದ ಮೇಲೂ ಯಾರೂ ಬೇಗ ಏಳಲಿಲ್ಲ.

ಇಷ್ಟು ಹೊತ್ತಿಗೆ ಎರಡನೇ ಟೆಸ್ಟ್ ಚೆನ್ನಾಗಿ ಆಗಿತ್ತು. ಆಮೇಲೆ ಕಿಣ್ವಗಳ ವೇಗದ ಪಾಠ ಶುರುವಾಯಿತು. ಮತ್ತೆ ಸೂತ್ರ, ಮತ್ತೆ ಗ್ರಾಫ್, ನನ್ನದು ಮತ್ತೆ ಅದೇ ಹಳೇ ಚಾಳಿ.

ಸಬ್‌ಸ್ಟ್ರೇಟ್, ಅಂದರೆ ಕಿಣ್ವ ಯಾವುದರ ಮೇಲೆ ಕೆಲಸ ಮಾಡುತ್ತದೋ ಆ ಪದಾರ್ಥ, ಎಷ್ಟಿದ್ದರೆ ವೇಗ ಎಷ್ಟು ಅಂತ ಹೇಳುವ ಮೈಕೇಲಿಸ್–ಮೆಂಟನ್ ಸಮೀಕರಣವನ್ನು ಬೋರ್ಡಿನ ಮೇಲೆ ಹಂತ ಹಂತವಾಗಿ ಬಿಡಿಸಿದರು. ನಾನು ಬರೆದುಕೊಂಡೆ. ಕೆಎಂ ಅಂದರೆ ವೇಗ ಅದರ ಗರಿಷ್ಠದ ಅರ್ಧ ಆದಾಗ ಇರುವ ಸಬ್‌ಸ್ಟ್ರೇಟ್ ಪ್ರಮಾಣ ಅಂತ ಉರು ಹೊಡೆದೆ. ಲಿಯೊನರ್ ಮೈಕೇಲಿಸ್ ಮತ್ತು ಕೆನಡಾದ ವೈದ್ಯೆ ಮಾಡ್ ಮೆಂಟನ್ ಬರ್ಲಿನ್‌ನಲ್ಲಿ ಕೆಲಸ ಮಾಡಿ 1913ರಲ್ಲಿ ಇದನ್ನು ಪ್ರಕಟಿಸಿದರು. ಸುಕ್ರೋಸನ್ನು ಒಡೆಯುವ ಇನ್ವರ್ಟೇಸ್ ಕಿಣ್ವ ತೆಗೆದುಕೊಂಡು, ದ್ರಾವಣದ ಮೂಲಕ ಹಾದುಹೋಗುವ ಧ್ರುವೀಕೃತ ಬೆಳಕಿನ ತಿರುವು ಎಷ್ಟು ಬದಲಾಗುತ್ತದೆ ಅಂತ ಅಳೆದಿದ್ದರು. ಅವರ ಹೆಚ್ಚುಗಾರಿಕೆ ಇರುವುದು ಎರಡು ಎಚ್ಚರಗಳಲ್ಲಿ. ಬಫರ್ ಹಾಕಿ ಪಿಎಚ್ ಸ್ಥಿರವಾಗಿಟ್ಟರು. ಶುರುವಿನ ವೇಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಪಾಠ ಕೇಳುವಾಗ ಇವೆರಡೂ ನನಗೆ ಸಣ್ಣ ವಿಷಯ ಅನ್ನಿಸಿದ್ದವು. ಲ್ಯಾಬಿಗೆ ಹೋದ ಮೇಲೆ ಅನ್ನಿಸಲಿಲ್ಲ.

ನಮ್ಮ ಲ್ಯಾಬಿನ ಕಿಣ್ವ ಆಲ್ಕಲೈನ್ ಫಾಸ್ಫಟೇಸ್. ಸಬ್‌ಸ್ಟ್ರೇಟ್ ಪ್ಯಾರಾ ನೈಟ್ರೋಫಿನೈಲ್ ಫಾಸ್ಫೇಟ್. ಅದಕ್ಕೆ ಬಣ್ಣ ಇಲ್ಲ. ಕಿಣ್ವ ಅದರಿಂದ ಫಾಸ್ಫೇಟನ್ನು ಕತ್ತರಿಸಿ ಹಾಕಿದರೆ ಪ್ಯಾರಾ ನೈಟ್ರೋಫಿನಾಲ್ ಉಳಿಯುತ್ತದೆ. ಪಿಎಚ್ 10ರ ಗ್ಲೈಸಿನ್ ಬಫರಿನಲ್ಲಿ ಅದು ತನ್ನ ಪ್ರೋಟಾನ್ ಕಳೆದುಕೊಂಡು ಒಳ್ಳೇ ಹಳದಿಯಾಗುತ್ತದೆ. ಆ ಹಳದಿಯನ್ನು, ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 405 ನ್ಯಾನೋಮೀಟರಿಗೆ ಇಟ್ಟು ಹದಿನೈದು ಸೆಕೆಂಡಿಗೊಮ್ಮೆ ಓದಬೇಕು. ಸಬ್‌ಸ್ಟ್ರೇಟ್ 0.05 ಮಿಲಿಮೋಲಾರ್‌ನಿಂದ 2 ಮಿಲಿಮೋಲಾರ್ ತನಕ ಆರು ಪ್ರಮಾಣದಲ್ಲಿ. ಯಂತ್ರದೊಳಗೆ ಇಡುವ ಸಣ್ಣ ಪಾತ್ರೆಯಲ್ಲಿ, ಅಂದರೆ ಕ್ಯುವೆಟಿನಲ್ಲಿ, ಒಟ್ಟು 3 ಮಿಲಿಲೀಟರ್, ಅದರಲ್ಲಿ ಕಿಣ್ವ 100 ಮೈಕ್ರೋಲೀಟರ್.

ನಾನು ಅತಿ ಕಡಿಮೆ ಪ್ರಮಾಣದಿಂದ ಶುರು ಮಾಡಿದೆ. ಕಿಣ್ವ ಹಾಕಿದೆ, ಕ್ಯುವೆಟ್ ತಲೆಕೆಳಗು ಮಾಡಿ ಬೆರೆಸಿದೆ, ಒಳಗಿಟ್ಟೆ. ಪಕ್ಕದ ಬೆಂಚಿನಲ್ಲಿ ಗೆಳತಿಯ ಕ್ಯುವೆಟ್ ಮೆಲ್ಲಗೆ ಹಳದಿಗೆ ತಿರುಗುತ್ತಿತ್ತು. ನನ್ನದು ನೀರಿನ ಹಾಗೇ ಇತ್ತು. ಅವಳಿಗೆ ಯಂತ್ರದ ಅಂಕಿ (ಅಬ್ಸಾರ್ಬೆನ್ಸ್) ನಿಮಿಷಕ್ಕೆ 0.09 ಏರುತ್ತಿದ್ದರೆ ನನಗೆ 0.026. ಮತ್ತೆ ಮಾಡಿದೆ. ಮತ್ತೆ ಅಷ್ಟೇ. ಪಿಪೆಟ್ ಕೆಟ್ಟಿದೆ ಅಂದುಕೊಂಡು ಬೇರೆ ಪಿಪೆಟ್ ತಂದೆ. ಕಿಣ್ವ ಸತ್ತುಹೋಗಿದೆ ಅಂದುಕೊಂಡೆ. ಆದರೆ ಕೊನೆಯ 2 ಮಿಲಿಮೋಲಾರ್ ಕ್ಯುವೆಟಿನಲ್ಲಿ ಹಳದಿ ಚೆನ್ನಾಗಿಯೇ ಬಂತು. ಅವಳದು 0.225, ನನ್ನದು 0.195. ಕಿಣ್ವ ಸತ್ತಿದ್ದರೆ ಇಲ್ಲೂ ಮೂರೂವರೆ ಪಟ್ಟು ಕಡಿಮೆ ಬರಬೇಕಿತ್ತು, ಅಲ್ವಾ? ಸಬ್‌ಸ್ಟ್ರೇಟ್ ಜಾಸ್ತಿ ಆದ ಹಾಗೆಲ್ಲ ನನ್ನ ಕಿಣ್ವ ಚೇತರಿಸಿಕೊಳ್ಳುತ್ತಿತ್ತು.

ಮೇಡಂ ಬಂದು ನನ್ನ ಅಂಕಿಗಳನ್ನು ಒಂದು ನಿಮಿಷ ನೋಡಿದರು. ಬೈಯಲಿಲ್ಲ. "ಕಿಣ್ವವನ್ನು ಯಾವುದರಲ್ಲಿ ಡೈಲ್ಯೂಟ್ ಮಾಡಿದೆ?" ಎಂದು ಕೇಳಿದರು.

"ಬಫರ್‌ನಲ್ಲಿ ಮೇಡಂ."

"ಯಾವ ಬಫರ್?"

ಬಾಟಲಿ ತೋರಿಸಿದೆ. ಮೇಲೆ "ಬಫರ್, ಪಿಎಚ್ 7.4" ಎಂದಷ್ಟೇ ಇತ್ತು. ಹಿಂದಿನ ವಾರ ಬ್ರ್ಯಾಡ್‌ಫರ್ಡ್ ವಿಧಾನದಲ್ಲಿ ಪ್ರೋಟೀನ್ ಅಳೆಯುವಾಗ ಬಳಸಿದ್ದ ಬಾಟಲಿ ಅದು. ಅದರ ಪಕ್ಕದಲ್ಲೇ ಅಂಥದೇ ಇನ್ನೊಂದು ಬಾಟಲಿ, ಅದರಲ್ಲಿ ಟ್ರಿಸ್ ಬಫರ್. ನಾನು ತೆಗೆದುಕೊಂಡಿದ್ದು 50 ಮಿಲಿಮೋಲಾರ್ ಫಾಸ್ಫೇಟ್ ಬಫರ್.

"ಫಾಸ್ಫೇಟು ಈ ಕಿಣ್ವಕ್ಕೆ ಏನಾಗಬೇಕು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಬೆಂಚಿಗೆ ಹೋದರು.

ನಂಟು ಕೇಳುವ ಹಾಗೆ ಕೇಳಿದ ಆ ಪ್ರಶ್ನೆಯ ಹಿಂದೆ ನನ್ನ ಇಡೀ ಮಧ್ಯಾಹ್ನ ಹೋಯಿತು. ಏನಾಗಬೇಕು ಅಂದರೆ, ಅದು ಈ ಕಿಣ್ವದ ಉತ್ಪನ್ನ. ಸಬ್‌ಸ್ಟ್ರೇಟಿನಿಂದ ಕತ್ತರಿಸಿ ಹೊರಗೆ ಬಿಡುವುದು ಅದನ್ನೇ. ಹಾಗಾದರೆ ಸಬ್‌ಸ್ಟ್ರೇಟ್ ಕೂರುವ ಜಾಗದಲ್ಲೇ ಅದೂ ಕೂರಬಲ್ಲದು. ಪುಸ್ತಕ ತೆಗೆದು ಆಕ್ಟಿವ್ ಸೈಟ್ ನೋಡಿದೆ. ಎರಡು ಜಿಂಕ್ ಅಯಾನುಗಳು, ಎರಡಕ್ಕೂ ಪ್ಲಸ್ ಚಾರ್ಜ್. ಫಾಸ್ಫೇಟಿನ ಮೇಲೆ ಮೈನಸ್. ಬಂದು ಕೂರದೆ ಇನ್ನೇನು ಮಾಡುತ್ತದೆ? ಸಬ್‌ಸ್ಟ್ರೇಟ್ ಕಡಿಮೆ ಇದ್ದಾಗ ಫಾಸ್ಫೇಟಿನದೇ ರಾಜ್ಯ. ಸಬ್‌ಸ್ಟ್ರೇಟ್ ಜಾಸ್ತಿ ಆದರೆ ಅದು ಫಾಸ್ಫೇಟನ್ನು ಹೊರದಬ್ಬಿ ಜಾಗ ಹಿಡಿಯುತ್ತದೆ. ಪುಸ್ತಕದ ಭಾಷೆಯಲ್ಲಿ ಕಾಂಪಿಟಿಟಿವ್ ಇನ್‌ಹಿಬಿಷನ್, ಪೈಪೋಟಿಯಿಂದ ಆಗುವ ತಡೆ. ಕೆಎಂ ಏರಿದ ಹಾಗೆ ಕಾಣುತ್ತದೆ, ವಿ-ಮ್ಯಾಕ್ಸ್, ಅಂದರೆ ಗರಿಷ್ಠ ವೇಗ, ಬದಲಾಗುವುದಿಲ್ಲ. ಈ ಎರಡು ವಾಕ್ಯಗಳನ್ನು ನಾನು ಹಿಂದಿನ ವಾರವಷ್ಟೇ ಉರು ಹೊಡೆದಿದ್ದೆ. ಅದೇ ವಾಕ್ಯ ನನ್ನ ಕ್ಯುವೆಟಿನಲ್ಲಿ ಕಣ್ಣೆದುರು ನಡೆಯುತ್ತಿದ್ದರೂ ಗುರುತು ಸಿಕ್ಕಿರಲಿಲ್ಲ.

ರೂಮಿಗೆ ಬಂದು ಲೆಕ್ಕಕ್ಕೆ ಕೂತೆ. ಮೊದಲು ಯಂತ್ರದ ಅಂಕಿಯನ್ನು ನಿಜವಾದ ವೇಗಕ್ಕೆ ತಿರುಗಿಸಬೇಕು. ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ, ಅಬ್ಸಾರ್ಬೆನ್ಸನ್ನೇ ವೇಗ ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಪ್ಯಾರಾ ನೈಟ್ರೋಫಿನಾಲ್‌ನ ಎಕ್ಸ್‌ಟಿಂಕ್ಷನ್ ಕೋಎಫಿಷಿಯೆಂಟ್, ಅಂದರೆ 1 ಮೋಲಾರ್ ದ್ರಾವಣ 1 ಸೆಂಟಿಮೀಟರ್ ದಾರಿಯಲ್ಲಿ ಕೊಡುವ ಅಬ್ಸಾರ್ಬೆನ್ಸ್, ಸುಮಾರು 18,000. ಗೆಳತಿಯ 0.09ನ್ನು 18,000ದಿಂದ ಭಾಗಿಸಿದರೆ ನಿಮಿಷಕ್ಕೆ 5 ಮೈಕ್ರೋಮೋಲಾರ್. ಹೀಗೆ ಆರೂ ಬಿಂದುಗಳನ್ನು ತಿರುಗಿಸಿ, ಅವಳದು ಒಂದು ಗ್ರಾಫ್, ನನ್ನದು ಒಂದು ಗ್ರಾಫ್ ಎಳೆದೆ. ಅವಳ ಕೆಎಂ 0.08 ಮಿಲಿಮೋಲಾರ್ ಬಂತು. ನನ್ನದು 0.4. ಐದು ಪಟ್ಟು. ವಿ-ಮ್ಯಾಕ್ಸ್ ಇಬ್ಬರದೂ ನಿಮಿಷಕ್ಕೆ 13 ಮೈಕ್ರೋಮೋಲಾರ್‌ನ ಅಕ್ಕಪಕ್ಕ.

ಈಗ ಕ್ಯುವೆಟಿನಲ್ಲಿ ಫಾಸ್ಫೇಟ್ ಎಷ್ಟಿತ್ತು? 50 ಮಿಲಿಮೋಲಾರ್‌ನ 100 ಮೈಕ್ರೋಲೀಟರ್, 3 ಮಿಲಿಲೀಟರಿಗೆ ಹರಡಿದರೆ ಮೂವತ್ತನೇ ಒಂದು ಭಾಗ, ಸುಮಾರು 1.67 ಮಿಲಿಮೋಲಾರ್. ಕೆಎಂ ಐದು ಪಟ್ಟು ಆಗಿದೆ ಅಂದರೆ ಇನ್‌ಹಿಬಿಟರ್ (ಇಲ್ಲಿ ಫಾಸ್ಫೇಟ್) ಪ್ರಮಾಣ ಅದರ ಕೆಐನ, ಅಂದರೆ ಕೆಎಂ ಎರಡು ಪಟ್ಟು ಆಗಲು ಬೇಕಾದ ಪ್ರಮಾಣದ, ನಾಲ್ಕು ಪಟ್ಟು ಇದೆ. ಹಾಗಾದರೆ ಕೆಐ ಸುಮಾರು 0.42 ಮಿಲಿಮೋಲಾರ್. ತಪ್ಪು ಬಾಟಲಿ ಎತ್ತಿಕೊಂಡಿದ್ದಕ್ಕೆ ಯಾರೂ ಕೇಳದೇ ಇದ್ದ ಒಂದು ಬೆಲೆ ನನ್ನ ಕೈಯಲ್ಲಿತ್ತು. ರೆಕಾರ್ಡಿನಲ್ಲಿ ಅದನ್ನು ಮುಚ್ಚಿಡದೆ ಬರೆದೆ. ಬಾಟಲಿಯ ವಿಷಯವನ್ನೂ ಬರೆದೆ.

ಇನ್ನೂ ಒಂದು ಗಂಟು ಅಲ್ಲೇ ಬಿಚ್ಚಿತು. ಶುರುವಿನ ವೇಗ ಮಾತ್ರ ಯಾಕೆ? ಗೆಳತಿಯ ಕ್ಯುವೆಟಿನಲ್ಲೂ ಕಿಣ್ವ ಕೆಲಸ ಮಾಡುತ್ತಾ ಹೋದ ಹಾಗೆ ಫಾಸ್ಫೇಟ್ ಹುಟ್ಟುತ್ತಲೇ ಇರುತ್ತದೆ, ಸಬ್‌ಸ್ಟ್ರೇಟ್ ಕರಗುತ್ತಲೇ ಇರುತ್ತದೆ. ಹತ್ತು ನಿಮಿಷ ಬಿಟ್ಟರೆ ಅವಳದೂ ಬಾಗುತ್ತದೆ. 1913ರ ಆ ಎಚ್ಚರದ ಬೆಲೆ ನನಗೆ ಅವತ್ತು ಗೊತ್ತಾಯಿತು.

ಗ್ರಾಫಿನ ಬಗ್ಗೆ ನನ್ನದೊಂದು ಅಭಿಪ್ರಾಯ ಇದೆ, ಹೇಳಿಬಿಡುತ್ತೇನೆ. ಲೈನ್‌ವೀವರ್–ಬರ್ಕ್ ನಕ್ಷೆಯನ್ನು 1934ರಿಂದ ಎಲ್ಲರೂ ಎಳೆಯುತ್ತಾ ಬಂದಿದ್ದಾರೆ. ಯಾವ ಬಗೆಯ ಇನ್‌ಹಿಬಿಷನ್ ಅಂತ ಒಂದೇ ನೋಟದಲ್ಲಿ ಕಾಣಿಸಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಕೆಎಂ ಬೆಲೆ ತೆಗೆಯಲು ಅದನ್ನು ನಂಬಬಾರದು. ಅದರಲ್ಲಿ ವೇಗ, ಸಬ್‌ಸ್ಟ್ರೇಟ್ ಎರಡನ್ನೂ ತಲೆಕೆಳಗು ಮಾಡಿ 1/ವೇಗ, 1/ಸಬ್‌ಸ್ಟ್ರೇಟ್ ಎಂದು ಎಳೆಯುವುದರಿಂದ ಅತಿ ಕಡಿಮೆ ಸಬ್‌ಸ್ಟ್ರೇಟಿನ ಬಿಂದು ಗೆರೆಯ ತುದಿಗೆ ಹೋಗಿ ಕೂರುತ್ತದೆ, ಇಡೀ ಗೆರೆಯನ್ನು ತನ್ನ ಕಡೆ ಎಳೆಯುತ್ತದೆ. ಅಳತೆಯಲ್ಲಿ ತಪ್ಪು ಜಾಸ್ತಿ ಆಗುವುದೂ ಅದೇ ಬಿಂದುವಿನಲ್ಲಿ. ನನ್ನ 0.026ರಲ್ಲಿ 0.004 ಆಚೀಚೆ ಆದರೂ ಗೆರೆ ಎಲ್ಲಿಗೋ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ನೇರವಾಗಿ ವಕ್ರರೇಖೆಯನ್ನೇ ಹೊಂದಿಸಿ ಬೆಲೆ ತೆಗೆಯಿರಿ. ಗೆರೆಯನ್ನು ತೋರಿಸುವುದಕ್ಕೆ ಮಾತ್ರ ಇಟ್ಟುಕೊಳ್ಳಿ.

ಕೊನೆಯ ಭಾಗ ಕಿಣ್ವಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವುದು. ಪ್ರೋಟೀನನ್ನು ಕತ್ತರಿಸುವ ಕಿಣ್ವ ಕೈಮೋಟ್ರಿಪ್ಸಿನ್‌ನ ಕೆಲಸ ತೋರಿಸುವ ಬಾಣಗಳನ್ನು ನೋಡಿ ನಮ್ಮಲ್ಲಿ ಅರ್ಧ ಜನ ಕೈಚೆಲ್ಲಿದರು. ಒಂದು ಪುಟದ ತುಂಬ ಬಾಗಿದ ಬಾಣಗಳು. ನಾನು ಈ ಸಲ ಬಾಣಗಳನ್ನು ಬದಿಗಿಟ್ಟು, ಇಲ್ಲಿ ಪ್ರೋಟಾನ್ ಯಾರ ಹತ್ತಿರ ಇದೆ ಅಂತ ಮಾತ್ರ ಕೇಳುತ್ತಾ ಹೋದೆ. ಸರಪಳಿಯಲ್ಲಿ ದೂರ ದೂರ ಇರುವ ಮೂವರು, ಸೆರಿನ್ 195, ಹಿಸ್ಟಿಡಿನ್ 57, ಆಸ್ಪಾರ್ಟೇಟ್ 102, ಮಡಚಿಕೊಂಡಾಗ ಒಂದೇ ಕಡೆ ಬಂದು ಸೇರುತ್ತಾರೆ. ಹಿಸ್ಟಿಡಿನ್ ಸೆರಿನ್‌ನಿಂದ ಪ್ರೋಟಾನ್ ಕಿತ್ತುಕೊಳ್ಳುತ್ತದೆ. ಬರಿಗೈ ಆದ ಸೆರಿನ್ ಪೆಪ್ಟೈಡ್ ಬಾಂಡಿನ ಮೇಲೆ ಬೀಳುತ್ತದೆ. ಕತ್ತರಿಸಿಕೊಂಡು ಹೋಗುವ ತುಂಡಿಗೆ ಹಿಸ್ಟಿಡಿನ್ ಅದೇ ಪ್ರೋಟಾನನ್ನು ಕೊಡುತ್ತದೆ. ಆಸ್ಪಾರ್ಟೇಟ್ ಹಿಂದೆ ನಿಂತು ಹಿಸ್ಟಿಡಿನ್‌ಗೆ ಒತ್ತಾಸೆ. ಆಮೇಲೆ ನೀರು ಬರುತ್ತದೆ, ಅದೇ ಕಥೆ ಇನ್ನೊಂದು ಸಲ. ಪ್ರೋಟಾನಿನ ಬೆನ್ನು ಹತ್ತಿದರೆ ಬಾಣಗಳು ತಾವಾಗಿಯೇ ಬರುತ್ತವೆ. ಆಲ್ಕಲೈನ್ ಫಾಸ್ಫಟೇಸಿನಲ್ಲೂ ದಾಳಿ ಮಾಡುವುದು ಒಂದು ಸೆರಿನ್ನೇ ಎಂದು ತಿಳಿದಾಗ ಹಳೇ ಪರಿಚಯದವರು ಸಿಕ್ಕ ಹಾಗಾಯಿತು.

ಟ್ರಿಪ್ಸಿನ್ ಕೂಡ ಇದೇ ಮೂವರನ್ನು ಇಟ್ಟುಕೊಂಡಿದೆ. ಆದರೆ ಕೈಮೋಟ್ರಿಪ್ಸಿನ್ ಫಿನೈಲ್ ಅಲನಿನ್, ಟೈರೋಸಿನ್, ಟ್ರಿಪ್ಟೋಫಾನ್ ಆದ ಮೇಲೆ ಕತ್ತರಿಸಿದರೆ, ಟ್ರಿಪ್ಸಿನ್ ಲೈಸಿನ್, ಆರ್ಜಿನಿನ್ ಆದ ಮೇಲೆ ಕತ್ತರಿಸುತ್ತದೆ. ಟ್ರಿಪ್ಸಿನ್‌ನಲ್ಲಿ ಸಬ್‌ಸ್ಟ್ರೇಟ್ ಬಂದು ಕೂರುವ ಜೇಬಿನ ತಳದಲ್ಲಿ, 189ನೇ ಜಾಗದಲ್ಲಿ, ಒಂದು ಆಸ್ಪಾರ್ಟೇಟ್ ಇದೆ. ಕೈಮೋಟ್ರಿಪ್ಸಿನ್‌ನಲ್ಲಿ ಅದೇ ಜಾಗದಲ್ಲಿ ಸೆರಿನ್. ತಳದಲ್ಲಿ ಮೈನಸ್ ಇದ್ದರೆ ಪ್ಲಸ್ ಇರುವವರು ಬಂದು ಕೂರುತ್ತಾರೆ. ಇದಕ್ಕೆ ಬಾಯಿಪಾಠ ಬೇಕಾಗಲೇ ಇಲ್ಲ.

ಕೊನೆಯ ಪರೀಕ್ಷೆಯಲ್ಲಿ ಗೊತ್ತಿಲ್ಲದ ಒಂದು ಕಿಣ್ವದ ಗ್ರಾಫ್ ಕೊಟ್ಟಿದ್ದರು. ಪಿಎಚ್ ಬದಲಾದಂತೆ ಕೆಲಸ ಗಂಟೆಯ ಆಕಾರದಲ್ಲಿ ಏರಿ ಇಳಿಯುತ್ತಿತ್ತು. ಏರುವ ಕಡೆ ಅರ್ಧ ದಾರಿ ಪಿಎಚ್ 6ರಲ್ಲಿ, ಇಳಿಯುವ ಕಡೆ 8.3ರಲ್ಲಿ. ಯಾವ ಅಮೈನೋ ಆಮ್ಲಗಳು ಕೆಲಸ ಮಾಡುತ್ತಿರಬಹುದು? ಹಿಸ್ಟಿಡಿನ್ ಮತ್ತು ಸಿಸ್ಟೀನ್ ಎಂದು ಬರೆದೆ. ಬರೆದ ಮೇಲೆ ಪೆನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಲೈಸೋಜೈಮ್ ಎಂಬ ಕಿಣ್ವ ನೆನಪಾಯಿತು. ಅದರಲ್ಲಿ 35ನೇ ಜಾಗದ ಗ್ಲುಟಮೇಟಿನ ಪಿಕೆಎ ಸುಮಾರು 6. ಸಾಧಾರಣವಾಗಿ ನಾಲ್ಕರ ಹತ್ತಿರ ಇರಬೇಕಾದದ್ದು. ಸುತ್ತ ನೀರಿಗೆ ಆಗದ ನೆರೆಹೊರೆ ಇರುವುದರಿಂದ ಅಲ್ಲಿ ಮೈನಸ್ ಆಗಿ ನಿಲ್ಲುವುದು ಕಷ್ಟ, ಹಾಗಾಗಿ ಅದು ಪ್ರೋಟಾನನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಆದ್ದರಿಂದ ಈ 6 ಹಿಸ್ಟಿಡಿನ್ನೇ ಅಂತ ಗ್ರಾಫ್ ಒಂದನ್ನೇ ನೋಡಿ ಹೇಳಲಾಗದು, ಆ ಹಿಸ್ಟಿಡಿನ್ ಜಾಗದಲ್ಲಿ ಬೇರೆ ಅಮೈನೋ ಆಮ್ಲ ಇಟ್ಟು ನೋಡಬೇಕು ಎಂದು ಇನ್ನೂ ನಾಲ್ಕು ಸಾಲು ಸೇರಿಸಿದೆ.

ಪರೀಕ್ಷೆ ಮುಗಿದ ಮೂರನೇ ದಿನ ರೆಕಾರ್ಡ್ ಪುಸ್ತಕ ವಾಪಸ್ ತೆಗೆದುಕೊಳ್ಳಲು ಹೋದೆ. ಫಾಸ್ಫಟೇಸ್ ಪುಟದಲ್ಲಿ ನನ್ನ 0.42ರ ಪಕ್ಕ ಅದೇ ಕೆಂಪು ಪೆನ್ನು: "ಪಿಎಚ್ 8ರಲ್ಲಿ ಮಾಡಿದ್ದರೆ ಈ ಬೆಲೆ ಏರುತ್ತಿತ್ತಾ, ಇಳಿಯುತ್ತಿತ್ತಾ?" ಮೇಡಂ ಅಲ್ಲೇ ಇದ್ದರು. ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಫ್ರೀಜರಿನಲ್ಲಿ ಕಿಣ್ವ ಇನ್ನೂ ಸ್ವಲ್ಪ ಉಳಿದಿದೆ, ರಜೆಯಲ್ಲಿ ಎರಡು ದಿನ ಲ್ಯಾಬ್ ಖಾಲಿ ಇರುತ್ತದೆ ಎಂದರು. ನಾನೂ ಗೆಳತಿಯೂ ಹೆಸರು ಬರೆಸಿ ಬಂದಿದ್ದೇವೆ. ಬಾಟಲಿಗಳಿಗೆ ಹೊಸ ಲೇಬಲ್ ಅವತ್ತೇ ಅಂಟಿಸಿದೆವು. ಬಫರ್ ಹೆಸರು, ಪ್ರಮಾಣ, ಪಿಎಚ್, ಮಾಡಿದ ದಿನಾಂಕ, ಎಲ್ಲವನ್ನೂ ಬರೆದು.